ನಾಡಿಯ ದಾರಿ ಎಲ್ಲರಿಗೂ ನೇರವಲ್ಲ

ಪೀಣ್ಯದ ಲೇತ್ ಶೆಡ್ಡಿನಲ್ಲಿ ದುಡಿಯುವವರಿಗಾಗಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗಾಗಲಿ ಆಂಜಿಯೋಗ್ರಾಂ ಎಂಬುದು ಈಗ ಹೊಸ ಮಾತಲ್ಲ. ಮಣಿಕಟ್ಟಿನಲ್ಲಿ ನಾವು ನಾಡಿ ಹಿಡಿದು ನೋಡುತ್ತೇವಲ್ಲ, ಅದೇ ರಕ್ತನಾಳದೊಳಗೆ ತೆಳುವಾದ ನಳಿಕೆ ತೂರಿಸಿ, ಹೃದಯದವರೆಗೆ ಒಯ್ದು, ಔಷಧದ ಬಣ್ಣ ಬಿಟ್ಟು ಎಕ್ಸ್‌-ರೇ ಚಿತ್ರ ತೆಗೆಯುತ್ತಾರೆ. ಆದರೆ ಕೈಗೆಂದು ಒಳಗೆ ಹೋದವರು ಕೆಲವೊಮ್ಮೆ ತೊಡೆಯ ಸಂದಿಗೆ ಪಟ್ಟಿ ಹಾಕಿಸಿಕೊಂಡು ಹೊರಬರುವುದುಂಟು. ಕಾದು ಕುಳಿತ ಮನೆಯವರಿಗೆ ಅನುಮಾನ: ಡಾಕ್ಟರ ಕೈ ಇನ್ನೂ ಪಳಗಿಲ್ಲವೇ? ಎಷ್ಟೋ ಸಲ ಕಾರಣ ಡಾಕ್ಟರ ಕೈಯಲ್ಲಿರುವುದಿಲ್ಲ, ರೋಗಿಯ ಕೈಯಲ್ಲೇ ಇರುತ್ತದೆ.

ಈ ದಾರಿಗೆ ದೊಡ್ಡ ಚರಿತ್ರೆಯೇ ಇದೆ. 1929ರಲ್ಲಿ ಜರ್ಮನಿಯ ತರುಣ ವೈದ್ಯ ವೆರ್ನರ್ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯ ಮೂಲಕ ತನ್ನದೇ ಹೃದಯಕ್ಕೆ ನಳಿಕೆ ತೂರಿಸಿಕೊಂಡು, ನಡೆದುಕೊಂಡೇ ಎಕ್ಸ್‌-ರೇ ಕೋಣೆಗೆ ಹೋದ. ಆಗ ಹುಚ್ಚನೆನಿಸಿಕೊಂಡವನಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯ ಬೇರೆಯದೇ ಪರೀಕ್ಷೆ ನಡೆಸುತ್ತಿದ್ದಾಗ ನಳಿಕೆ ಜಾರಿ, ಬಣ್ಣವೆಲ್ಲ ಹೃದಯದ ಬಲ ರಕ್ತನಾಳಕ್ಕೆ ನುಗ್ಗಿತು. ರೋಗಿ ಉಳಿಯಲಾರನೆಂದು ಎಲ್ಲರೂ ಬೆದರಿದರು. ಆತ ಕೆಮ್ಮಿದ, ಹೃದಯ ಮತ್ತೆ ಮಿಡಿಯಿತು. ಆ ಅವಘಡದಿಂದಲೇ ಇಂದಿನ ಆಂಜಿಯೋಗ್ರಾಂ ಹುಟ್ಟಿತು.

ಸೋನ್ಸ್ ಮೊಣಕೈ ಬಳಿ ಚರ್ಮ ಕೊಯ್ದು ನಳಿಕೆ ಹಾಕುತ್ತಿದ್ದ. 1967ರಲ್ಲಿ ಮೆಲ್ವಿನ್ ಜಡ್ಕಿನ್ಸ್ ತೊಡೆಯ ದಪ್ಪ ರಕ್ತನಾಳಕ್ಕೆ ಹೊಂದುವಂಥ ಬಾಗು ನಳಿಕೆಗಳನ್ನು ರೂಪಿಸಿದ ಮೇಲೆ ತೊಡೆಯೇ ಹೆದ್ದಾರಿಯಾಯಿತು. ಆದರೆ ಅಲ್ಲಿ ರಕ್ತಸ್ರಾವದ ಭಯವಿತ್ತು, ಗಂಟೆಗಟ್ಟಲೆ ಅಂಗಾತ ಮಲಗಬೇಕಿತ್ತು. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಲೂಸಿಯನ್ ಕ್ಯಾಂಪೋ 100 ಮಂದಿಯಲ್ಲಿ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ ವರದಿ ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಫರ್ಡಿನಾಂಡ್ ಕೀಮೆನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ ತೋರಿಸಿದರು.

ಬೆಂಗಳೂರಿನ ಹೊರವಲಯಕ್ಕೆ ದೊಡ್ಡ ಹೃದಯ ಚಿಕಿತ್ಸಾಲಯಗಳು ಬಂದದ್ದು ಇದಾದ ಮೇಲೆಯೇ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರ ಜನವರಿ 19ರಂದು ಉದ್ಘಾಟನೆಯಾಯಿತು. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ತಲೆಯೆತ್ತಿದ್ದೂ ಅದೇ ಹೊತ್ತಿಗೆ.

ದಾರಿ ಸಿಕ್ಕಿತು, ಸರಿ. ಆದರೆ ಪಾಠಪುಸ್ತಕದ ಚಿತ್ರದಂತೆ ಎಲ್ಲರ ಕೈಯೂ ಇರಬೇಕಲ್ಲ! ತೋಳಿನ ದೊಡ್ಡ ರಕ್ತನಾಳ ಮೊಣಕೈಯಿಂದ ತುಸು ಕೆಳಗೆ ಎರಡಾಗಿ ಕವಲೊಡೆಯುವುದು ವಾಡಿಕೆ. ಕೆಲವರಲ್ಲಿ ಕವಲು ಮೇಲೆ ತೋಳಿನಲ್ಲೇ ಒಡೆದು, ನಾಡಿಯ ನಾಳ ಉದ್ದಕ್ಕೂ ಸಣ್ಣದಾಗಿ ಸಾಗುತ್ತದೆ. ನಳಿಕೆ ತಾಕಿದರೆ ಸೆಟೆದು ಬಿಗಿದುಕೊಳ್ಳುತ್ತದೆ. ಕೆಲವರಲ್ಲಿ ಅದು ಹಗ್ಗದ ಕುಣಿಕೆಯಂತೆ ಪೂರ್ತಿ ಒಂದು ಸುತ್ತು ಸುತ್ತಿರುತ್ತದೆ. ಇಂಗ್ಲೆಂಡಿನ ವೈದ್ಯರು 1540 ರೋಗಿಗಳ ಕೈಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರಕ್ಕೆ 13.8 ಮಂದಿಯಲ್ಲಿ ಇಂಥದೊಂದು ವ್ಯತ್ಯಾಸವಿತ್ತು. ಮೇಲೆ ಕವಲೊಡೆದವರು ಶೇಕಡ 7, ಕುಣಿಕೆಯವರು ಶೇಕಡ 2.3. ನಾಳ ವಾಡಿಕೆಯಂತಿದ್ದವರಲ್ಲಿ ಪ್ರಯತ್ನ ವಿಫಲವಾದದ್ದು ಶೇಕಡ ಒಂದಕ್ಕೂ ಕಡಿಮೆ. ವ್ಯತ್ಯಾಸವಿದ್ದವರಲ್ಲಿ ಶೇಕಡ 14ರಷ್ಟು.

ಇನ್ನೂ ವಿಚಿತ್ರವಾದುದು ಎದೆಯೊಳಗಿದೆ. ಬಲಗೈಗೆ ಹೋಗುವ ನಾಳ ಅಪರೂಪಕ್ಕೆ ತಪ್ಪು ಜಾಗದಲ್ಲಿ ಹುಟ್ಟಿ, ಅನ್ನನಾಳದ ಹಿಂದಿನಿಂದ ಬರುತ್ತದೆ. ಹೀಗೆ ಒತ್ತಿದ ನಾಳದಿಂದ ನುಂಗಲಾಗದೆ ನರಳಿದ ಹೆಂಗಸೊಬ್ಬಳ ವಿಷಯವನ್ನು ಲಂಡನ್ನಿನ ಡೇವಿಡ್ ಬೇಫೋರ್ಡ್ 1794ರಲ್ಲೇ ಬರೆದು, ಇದು ಪ್ರಕೃತಿಯ ಆಟವೆಂದು ಲ್ಯಾಟಿನ್ನಿನಲ್ಲಿ ಹೆಸರಿಟ್ಟ. ಬಲಗೈಯಿಂದ ಹೊರಟ ನಳಿಕೆ ಇಲ್ಲಿಗೆ ಬಂದರೆ ಹೃದಯದತ್ತ ತಿರುಗಲು ಒಪ್ಪದೆ ಕೆಳಕ್ಕೇ ಜಾರುತ್ತದೆ. ವೈದ್ಯರು ಆಗ ಹಟ ಹಿಡಿದು ತಳ್ಳಬಾರದು. ನಾಳ ಸೀಳುವ ಅಪಾಯವಿದೆ. ತುಸು ಬಣ್ಣ ಬಿಟ್ಟು ದಾರಿ ನೋಡುತ್ತಾರೆ, ಮೃದುವಾದ ತಂತಿ ಬಳಸುತ್ತಾರೆ, ಆಗದಿದ್ದರೆ ಎಡಗೈಗೋ ತೊಡೆಗೋ ಹೋಗುತ್ತಾರೆ.

ಬಲಗೈಯನ್ನೇ ನಂಬಿದ ಕಾರ್ಮಿಕನ ಭಯ ಬೇರೆ. ನಾಡಿಯ ನಾಳ ಮುಂದೆ ಮುಚ್ಚಿಹೋಗುವುದೂ ಉಂಟು. ಆದರೆ ಅಂಗೈಗೆ ಕಿರುಬೆರಳ ಕಡೆಯ ನಾಳದಿಂದಲೂ ರಕ್ತ ಬರುವುದರಿಂದ ಸಾಮಾನ್ಯವಾಗಿ ಕೈಗೆ ಕುಂದು ಬಾರದು. ಕೈಯಿಂದ ತೊಡೆಗೆ ಬದಲಾಯಿಸಿದ್ದರೆ ಕಾರಣವನ್ನು ಕೇಳಿ, ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಬಹುದು. ಮುಂದಿನ ಸಲ ಬೇರೆ ಆಸ್ಪತ್ರೆಯ ವೈದ್ಯರು ಮೊದಲು ಓದುವುದು ಅದನ್ನೇ.