ಮಗ್ಗದ ಮನೆಯ ಕಟ್ಟಳೆಗಳು

ರೋಣ, ನರಗುಂದ ಮತ್ತು ಗಜೇಂದ್ರಗಡಗಳು ಇಂದು ಗದಗ ಜಿಲ್ಲೆಯ ಊರುಗಳಾದರೂ 1956ರವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದುದರಿಂದ, ಈ ಎರೆನಾಡಿನ ಹತ್ತಿ ಮತ್ತು ಮಗ್ಗದ ದುಡಿಮೆಗೆ ಕಾನೂನಿನ ಕಟ್ಟಳೆಗಳು ಬಂದದ್ದು ಮೈಸೂರಿನ ಕಡೆಯಿಂದಲ್ಲ, ಮುಂಬಯಿಯ ಕಡೆಯಿಂದ. ಅವುಗಳಲ್ಲಿ ಹಳೆಯದೊಂದು ಸಾವಕಾರನ ಪರವಾಗಿಯೇ ಇತ್ತು. ನರಗುಂದದ ಬಾಬಾಸಾಹೇಬನ ಬಂಡಾಯ ಅಡಗಿದ ಮರುವರ್ಷ, 1859ರಲ್ಲಿ, ಹುಟ್ಟಿದ ಕರಾರುಭಂಗ ಕಾಯ್ದೆಯು ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಕೆಲಸ ಮುಗಿಸಲು ಇಲ್ಲವೇ ಹಣ ಮರಳಿಸಲು ಮ್ಯಾಜಿಸ್ಟ್ರೇಟನು ಆಜ್ಞಾಪಿಸಬಹುದೆಂದೂ, ಅದನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆಗೆ ಹಾಕಬಹುದೆಂದೂ ವಿಧಿಸಿತ್ತು. ಮೊದಲು ಪ್ರೆಸಿಡೆನ್ಸಿ ಪಟ್ಟಣಗಳಿಗೆಂದು ಮಾಡಿ, ಬೇಕಾದೆಡೆಗೆ ವಿಸ್ತರಿಸುವ ಅಧಿಕಾರವನ್ನು ಸರಕಾರಕ್ಕೆ ಬಿಟ್ಟಿದ್ದ ಈ ಕಾಯ್ದೆ ರದ್ದಾಗಲು 1925 ಬರಬೇಕಾಯಿತು.

ಮಾಲೀಕನ ಕೈಯನ್ನೂ ಕಟ್ಟುವ ಕಾನೂನು ಅನಂತರದ್ದು. 1936ರ ವೇತನ ಪಾವತಿ ಕಾಯ್ದೆಯು, ಯಾವ ತಪ್ಪಿಗೆ ದಂಡವೆಂಬುದನ್ನು ಮೊದಲೇ ಬರೆದು ತೂಗುಹಾಕಬೇಕು, ಕೆಲಸಗಾರನ ಮಾತು ಕೇಳಬೇಕು, ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದು, ವಸೂಲಾದ ಹಣ ಕೆಲಸಗಾರರ ಹಿತಕ್ಕೇ ಸಲ್ಲಬೇಕು ಎಂದು ಗೊತ್ತುಪಡಿಸಿತು. 1928ರಲ್ಲಿ ಮುಂಬಯಿಯ ಗಿರಣಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ ಮುಷ್ಕರದಲ್ಲಿ ವಾದಕ್ಕೆ ಬಂದ ವಿಷಯಗಳಲ್ಲಿ 'ಸ್ಥಾಯೀ ಆದೇಶ'ಗಳೂ, ಅಂದರೆ ಪಾಳಿ, ರಜೆ, ತಡವಾಗಿ ಬರುವುದು, ದುರ್ನಡತೆ, ವಜಾ ಮುಂತಾದವನ್ನು ಕುರಿತ ಲಿಖಿತ ನಿಯಮಾವಳಿಯೂ, ಒಂದಾಗಿತ್ತು. 1938ರ ಮುಂಬಯಿ ಕೈಗಾರಿಕಾ ವಿವಾದ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟರೆ, 1946ರ ಕೇಂದ್ರ ಕಾಯ್ದೆ ಅದನ್ನು ದೇಶಕ್ಕೆಲ್ಲ ಹರಡಿತು. ಮಾಲೀಕನು ಕರಡನ್ನು ಪ್ರಮಾಣೀಕರಣ ಅಧಿಕಾರಿಗೆ ಒಪ್ಪಿಸಬೇಕಿತ್ತು, ಕೆಲಸಗಾರರು ಆಕ್ಷೇಪಿಸಬಹುದಿತ್ತು. ಆದರೂ ನಿಯಮವು ನ್ಯಾಯವಾದುದೇ ಎಂದು ತೂಗಿ ನೋಡುವ ಅಧಿಕಾರ ಆ ಅಧಿಕಾರಿಗೆ ದೊರೆತದ್ದು 1956ರ ತಿದ್ದುಪಡಿಯಿಂದ. ಒಪ್ಪಿತವಾದ ಪಾಠವನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರು ಬಲ್ಲ ಭಾಷೆಯಲ್ಲೂ ಬಾಗಿಲ ಬಳಿಯ ಫಲಕದಲ್ಲಿ ಅಂಟಿಸಬೇಕೆಂಬುದು ಚಿಕ್ಕ ವಿಧಿಯಂತೆ ಕಂಡರೂ, ಈ ಸೀಮೆಯ ಮಟ್ಟಿಗೆ ಕಾನೂನು ಕನ್ನಡವಾಗಬೇಕಾದ ಜಾಗ ಅದೇ.

ಆದರೆ ಕೇಂದ್ರ ಕಾಯ್ದೆ ಮುಟ್ಟಿದ್ದು ನೂರು ಮತ್ತು ಅದಕ್ಕೂ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳನ್ನು. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದಲ್ಲಿ ನೇಕಾರನು ಮನೆಯ ಕುಣಿಮಗ್ಗದಲ್ಲಿ ಹೆಂಡತಿ ಮಕ್ಕಳೊಡನೆ ನೇಯುವಾಗ ಅವನು ಯಾರ ನೌಕರನೆಂಬುದೇ ಕಾನೂನಿಗೆ ಬಿಡಿಸಲಾಗದ ಗಂಟು. ಸೀರೆಯ ಲೆಕ್ಕದಲ್ಲಿ ಮಜೂರಿ ಕೊಟ್ಟು ನೂಲು ಒದಗಿಸುವವನ ಬಾಕಿ ಪುಸ್ತಕವೇ ಅಲ್ಲಿ ನಿಯಮಾವಳಿಯ ಕೆಲಸ ಮಾಡುತ್ತದೆ. ಬಾಕಿ ತೀರದವನು ಬೇರೆಡೆಗೆ ಹೋಗಲಾರನಾದರೆ ಅದು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯ ಗಡಿಯನ್ನು ತಾಗುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಸ್ಥಾಯೀ ಆದೇಶಗಳ ಮಿತಿಯನ್ನು ನೂರರಿಂದ ಮುನ್ನೂರಕ್ಕೆ ಏರಿಸಿದ್ದರಿಂದ ಸಣ್ಣ ಮಗ್ಗದ ಶೆಡ್ಡುಗಳು ಆ ಫಲಕದಿಂದ ಇನ್ನೂ ದೂರ ಸರಿದಿವೆ. ಅದೇ ದಿನ ಜಾರಿಯಾದ ವೇತನ ಸಂಹಿತೆಗೆ ಮಾತ್ರ ಇಂಥ ತಲೆ ಎಣಿಕೆಯಿಲ್ಲ. ನಾಲ್ಕು ಮಗ್ಗದ ಶೆಡ್ಡಿನಲ್ಲೂ ಕೂಲಿಯಾಳಿಗೆ ದಂಡ ಹಾಕುವವನು, ಸರಕಾರ ಒಪ್ಪಿದ ತಪ್ಪುಗಳ ಪಟ್ಟಿಯನ್ನು ಮೊದಲು ಪ್ರಕಟಿಸಿ, ವೇತನದ ನೂರಕ್ಕೆ ಮೂರರೊಳಗೇ ನಿಲ್ಲಬೇಕು.