ಆಜ್ಞೆಯೂ ಪದಚ್ಛೇದವೂ

ಹಳೆಯ ಓಲೆಗರಿಯ ಪ್ರತಿಗಳಲ್ಲಿ ಪದಪದಗಳ ನಡುವೆ ತೆರಪಿರುವುದಿಲ್ಲ. ಎಲ್ಲಿ ಬಿಡಿಸಬೇಕೆಂಬುದನ್ನು ಓದುವವನೇ ನಿಶ್ಚಯಿಸಬೇಕು. ಅವನು ಎಡವಿದರೆ ಅರ್ಥವೂ ಎಡವುತ್ತದೆ. ತರಗತಿಯಲ್ಲಿ ನಾನು ಹೇಳುತ್ತ ಬಂದಿರುವ ಈ ಮಾತು ಕಂಪ್ಯೂಟರಿನ ಚರಿತ್ರೆಗೂ ಸಲ್ಲುತ್ತದೆ.

ನಡೆಯುತ್ತಿರುವ ಒಂದು ಕೆಲಸವು ಎರಡಾಗಿ ಕವಲೊಡೆಯುವ ಕ್ರಮವನ್ನು ಅಮೆರಿಕದ ಮೆಲ್ವಿನ್ ಕಾನ್ವೇ ಎಂಬವರು 1963ರಲ್ಲಿ ‘ಫೋರ್ಕ್’ ಎಂಬ ಹೆಸರಿನಿಂದ ವಿವರಿಸಿದರು. 1969ರಲ್ಲಿ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಈ ಫೋರ್ಕನ್ನು ಅಳವಡಿಸಿಕೊಂಡರು. ಅವರ ಪಿಡಿಪಿ-7 ಯಂತ್ರದಲ್ಲಿ ಅದಕ್ಕೆ ಹಿಡಿದದ್ದು ಕೇವಲ 27 ಸಾಲುಗಳೆಂದು ರಿಚಿ ಬರೆದಿದ್ದಾರೆ. ತಾಯಿ ಪ್ರೊಸೆಸ್ ತನ್ನಂಥದೇ ಒಂದು ಕೂಸನ್ನು ಹಡೆಯುತ್ತದೆ. ಕೂಸು ‘ಎಕ್ಸೆಕ್’ ಎಂಬ ಕರೆಯಿಂದ ಬೇರೊಂದು ಪ್ರೋಗ್ರಾಮಾಗಿ ಮಾರ್ಪಡುತ್ತದೆ. ಅದು ಮುಗಿಯುವವರೆಗೆ ತಾಯಿ ಕಾಯುತ್ತದೆ.

ಸಿ ಭಾಷೆಯಲ್ಲಿ ಇದಕ್ಕಿಂತ ಸುಲಭದ ದಾರಿಯೊಂದುಂಟು. ಅದು ‘ಸಿಸ್ಟಮ್’ ಎಂಬ ಕರೆ. ಇಡೀ ಆಜ್ಞೆಯನ್ನು ಒಂದೇ ವಾಕ್ಯವಾಗಿ ಬರೆದು ಶೆಲ್ಲಿನ ಕೈಗೆ ಕೊಟ್ಟರೆ ಸಾಕು, ಪದಚ್ಛೇದವನ್ನು ಶೆಲ್ಲೇ ಮಾಡಿಕೊಳ್ಳುತ್ತದೆ. ತೊಡಕು ಹುಟ್ಟುವುದೂ ಇಲ್ಲಿಯೇ. ನಮ್ಮ ಪುರ್ತಗೇರಿಯಿಂದ ಗಜೇಂದ್ರಗಡದ ಅಂಗಡಿಗೆ ಹುಡುಗನ ಕೈಯಲ್ಲಿ ಸಾಮಾನಿನ ಚೀಟಿ ಕಳಿಸುತ್ತೇವೆನ್ನಿ. ನಡುದಾರಿಯಲ್ಲಿ ಯಾರೋ ಅದರ ಕೆಳಗೆ ‘ಉಳಿದ ಹಣವನ್ನು ಚೀಟಿ ತಂದವನಿಗೇ ಕೊಡಿರಿ’ ಎಂದು ಸೇರಿಸಿದರೆ ಅಂಗಡಿಯವನು ಅದನ್ನೂ ನಡೆಸುತ್ತಾನೆ. ಯಾವ ಸಾಲು ಯಾರದೆಂದು ಚೀಟಿ ಹೇಳದು.

1996ರಲ್ಲಿ ಬಯಲಾದ ‘ಪಿಎಚ್‌ಎಫ್’ ಪ್ರಕರಣ ಇಂಥದೇ. ಅದು ಅಂತರ್ಜಾಲದ ಸರ್ವರುಗಳಲ್ಲಿ ವಿಳಾಸ ಹುಡುಕಿಕೊಡುತ್ತಿದ್ದ ಸಣ್ಣ ಪ್ರೋಗ್ರಾಮು. ಓದುಗರು ತುಂಬಿದ ಹೆಸರಿನಲ್ಲಿ ಶೆಲ್ಲಿಗೆ ವಿಶೇಷಾರ್ಥ ಕೊಡುವ ಚಿಹ್ನೆಗಳನ್ನೆಲ್ಲ ಅದು ನಿರುಪದ್ರವಗೊಳಿಸುತ್ತಿತ್ತು. ಹೊಸ ಸಾಲಿನ ಚಿಹ್ನೆಯೊಂದನ್ನು ಮಾತ್ರ ಬಿಟ್ಟಿತ್ತು. ಶೆಲ್ಲಿಗೆ ಹೊಸ ಸಾಲೆಂದರೆ ಹೊಸ ಆಜ್ಞೆ. ಕಿಡಿಗೇಡಿಗಳಿಗೆ ಅಷ್ಟೇ ಸಾಕಾಯಿತು. ಸರ್ವರಿನ ಪಾಸ್‌ವರ್ಡ್ ಕಡತವನ್ನೇ ಓದಿದರು.

ಆದ್ದರಿಂದ ನಿಷಿದ್ಧ ಚಿಹ್ನೆಗಳ ಪಟ್ಟಿಯನ್ನು ಬೆಳೆಸುವುದು ಮದ್ದಲ್ಲ. ಫೋರ್ಕು, ಎಕ್ಸೆಕುಗಳ ಹಳೆಯ ದಾರಿಯಲ್ಲಿ ಪ್ರತಿಯೊಂದು ಪದವನ್ನೂ ಬೇರೆಬೇರೆಯಾಗಿ ಎಣಿಸಿ ಕೊಡಬಹುದು. ಆಗ ಹೊರಗಿನವನ ಮಾತು ಎಷ್ಟು ವಕ್ರವಾಗಿದ್ದರೂ ಒಂದು ಪದವಾಗಿಯೇ ಉಳಿಯುತ್ತದೆ, ಶೆಲ್ಲಿನ ಆಜ್ಞೆಯಾಗದು. ಪ್ರೋಗ್ರಾಮಿನ ಪೂರ್ಣ ವಿಳಾಸವನ್ನೂ ಕೊಡಬೇಕು. ಇಲ್ಲವಾದರೆ ಅದೇ ಹೆಸರಿನ ಕಪಟಿಯೊಬ್ಬ ಓಗೊಟ್ಟಾನು.

ಕೂಸಿಗೆ ತಾಯಿಯ ಪಿತ್ರಾರ್ಜಿತವೂ ಬರುತ್ತದೆ. ತೆರೆದ ಕಡತಗಳೂ ‘ಎನ್ವಿರಾನ್‌ಮೆಂಟ್’ ಎಂಬ ಹೆಸರು-ಬೆಲೆಗಳ ಗಂಟೂ ಅದರ ಪಾಲು. 1989ರಿಂದ ಬ್ಯಾಶ್ ಶೆಲ್ಲಿನಲ್ಲಿ ಅಡಗಿದ್ದ ದೋಷವೊಂದು 2014ರ ಸೆಪ್ಟೆಂಬರಿನಲ್ಲಿ ‘ಶೆಲ್‌ಶಾಕ್’ ಎಂಬ ಹೆಸರಿನಿಂದ ಹೊರಬಿದ್ದಿತು. ಆ ಗಂಟಿನಲ್ಲಿ ಬಂದ ಮಾತನ್ನೇ ಶೆಲ್ಲು ಆಜ್ಞೆಯೆಂದು ನಡೆಸುತ್ತಿತ್ತು. ಕೂಸಿಗೆ ಬೇಕಾದಷ್ಟನ್ನೇ ಕಟ್ಟಿಕೊಡಬೇಕೆಂಬುದು ಇದರ ಪಾಠ.

ಇಂದು ಪಹಣಿಯಿಂದ ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲವೂ ಯಂತ್ರದ ಮೂಲಕವೇ ನಮ್ಮ ಹಳ್ಳಿಗಳಿಗೆ ಬರುತ್ತಿದೆ. ಅದನ್ನು ನಡೆಸುವ ಪ್ರೋಗ್ರಾಮು ಬರೆಯುವ ನಮ್ಮ ಹುಡುಗರಿಗೆ ಪದಚ್ಛೇದದ ಈ ಪಾಠ ಕನ್ನಡದ ತರಗತಿಯಲ್ಲಿ ಸಿಕ್ಕರೂ ಸರಿಯೆ, ಸಿಕ್ಕಲೇಬೇಕು.