ಅಡುಗೆಮನೆ ದಾಟಿ ಬಚ್ಚಲಿಗೆ ಬಾರದ ಒಲೆ ಸುಧಾರಣೆ

ನಂದಿಬೆಟ್ಟದ ಚಳಿಗಾಳಿಗೆ ಮೈಯೊಡ್ಡಿದ ದೊಡ್ಡಬಳ್ಳಾಪುರ, ದೇವನಹಳ್ಳಿಯ ಊರುಗಳಲ್ಲೂ ಕೋಣೆ ಬೆಚ್ಚಗಿರಲೆಂದು ಮನೆಯೊಳಗೆ ಬೆಂಕಿ ಹಾಕುವ ರೂಢಿಯಿಲ್ಲ. ಗೋಡೆಯೊಳಗಿನ ಅಗ್ಗಿಷ್ಟಿಕೆ ಬೆಂಗಳೂರು ದಂಡಿನ ಹಳೆಯ ಬಂಗಲೆಗಳ ಮಾತು. ಇಲ್ಲಿ ಸೌದೆ ಉರಿಯುವುದು ಎರಡೇ ಕಡೆ: ಅಡುಗೆ ಒಲೆಯಲ್ಲಿ, ಬಚ್ಚಲುಮನೆಯ ಹಂಡೆಯ ಕೆಳಗೆ. ಒಲೆ ಸುಧಾರಣೆಗೆ ದುಡಿದವರ ಗಮನ ಬಹುಪಾಲು ಮೊದಲನೆಯದರ ಮೇಲೇ ನಿಂತಿತು.

ಹಳೆಯ ಒಲೆ ಬುದ್ಧಿಯಿಲ್ಲದೆ ಕಟ್ಟಿದ್ದಲ್ಲ. ಮುಂದಿನ ಒಲೆಯ ಉಳಿಕೆ ಬಿಸಿಯಲ್ಲಿ ಸಾರು ಕಾಯಿಸುವ ಕೋಡೊಲೆ ನಮ್ಮ ಹೆಂಗಸರ ಜಾಣ್ಮೆಯೇ. ಆದರೂ ಸೌದೆಯ ಶಾಖದಲ್ಲಿ ಪಾತ್ರೆಗೆ ತಲುಪುತ್ತಿದ್ದುದು ಸುಮಾರು ಹತ್ತರಲ್ಲೊಂದು ಪಾಲು. ಹೊಗೆಯೆಲ್ಲ ಒಲೆಯ ಮುಂದೆ ಕೂತವಳ ಎದೆಗೆ.

1950ರ ದಶಕದಲ್ಲೇ ಹೈದರಾಬಾದಿನಲ್ಲಿ ಎಂಜಿನಿಯರ್ ಎಸ್. ಪಿ. ರಾಜು ಹೊಗೆಯಿಲ್ಲದ ಒಲೆ ರೂಪಿಸಿದ್ದರು. ಕರ್ನಾಟಕದಲ್ಲಿ ಕೆಲಸ ಗಟ್ಟಿಯಾದದ್ದು 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಆರಂಭಿಸಿದ ಮೇಲೆ. ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಯಾವ ಇಂಧನ ಎಷ್ಟು, ಯಾರ ದುಡಿಮೆಯಿಂದ ಬರುತ್ತದೆ ಎಂದು ಆ ತಂಡ ಮನೆಮನೆಯಲ್ಲಿ ಲೆಕ್ಕ ಹಾಕಿತು. ಉರುವಲಿನಲ್ಲಿ ಹೆಚ್ಚಿನದು ಆಯ್ದು ತಂದ ಪುಳ್ಳೆ, ಕಡ್ಡಿ, ಮರ ಕಡಿದದ್ದಲ್ಲ. ಬಡವರ ಒಲೆಯಿಂದಲೇ ಕಾಡು ಹಾಳಾಯಿತೆಂಬ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

1980ರ ದಶಕದ ಆರಂಭದಲ್ಲಿ ಬಂದ 'ಅಸ್ತ್ರ ಒಲೆ'ಗೆ ಸಾಲಾಗಿ ಮೂರು ಪಾತ್ರೆ, ಗಾಳಿ ಕೆಳಗಿನಿಂದ ಬರಲು ಜಾಲರಿ, ಹಿಂದೆ ಹೊಗೆಗೂಡು. ಪ್ರಯೋಗಾಲಯದಲ್ಲಿ ಶೇ 40ರಷ್ಟು ದಕ್ಷತೆ. ಆದರೆ ಪಾತ್ರೆ ಕುಳಿಗೆ ಸರಿಯಾಗಿ ಕೂರಬೇಕು, ಸೌದೆ ಸಣ್ಣಗೆ ಸೀಳಬೇಕು, ಹೊಗೆಗೂಡಿನ ಮಸಿ ತೆಗೆಯುತ್ತಿರಬೇಕು. ಅಳತೆ ತಪ್ಪಿ ಕಟ್ಟಿದರೆ ಅಷ್ಟೂ ವಿಜ್ಞಾನ ಮಣ್ಣುಪಾಲು. 1980ರ ದಶಕದ ನಡುವೆ ದೇಶಾದ್ಯಂತ ಹಬ್ಬಿದ ಸುಧಾರಿತ ಒಲೆ ಕಾರ್ಯಕ್ರಮ ಸಹಾಯಧನದಲ್ಲಿ ಕಟ್ಟಿದ ಒಲೆಗಳನ್ನು ಎಣಿಸಿತು, ದುರಸ್ತಿಯನ್ನು ಮರೆಯಿತು, 2002ರಲ್ಲಿ ನಿಂತಿತು. ಇಲ್ಲಿ ಸೋತದ್ದು ಯೋಜನೆ, ಒಲೆಯಲ್ಲ.

ಬಳಿಕ ಅದೇ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಅವರ ತಂಡದ ಸಂಶೋಧನೆಯಿಂದ, ಪುಟ್ಟ ಫ್ಯಾನಿನ 'ಊರ್ಜಾ' ಒಲೆ 2006ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಉರಿ ಬಹಳ ಶುದ್ಧ. ಆದರೆ ಅದಕ್ಕೆ ಬೇಕಾದ ಉಂಡೆ ಇಂಧನವನ್ನು ಕೊಂಡೇ ತರಬೇಕಿತ್ತು. ಬೆಲೆ ಏರಿದಾಗ ಮನೆಗಳು ಕೈಬಿಟ್ಟವು. 2016ರ ಕೇಂದ್ರದ ಉಜ್ವಲ, 2017ರ ರಾಜ್ಯದ ಅನಿಲ ಭಾಗ್ಯ ಯೋಜನೆಗಳು ಬಂದು ಗ್ಯಾಸು ಅಡುಗೆಮನೆಯನ್ನು ಇನ್ನಷ್ಟು ಗೆದ್ದಿತು.

ಬಚ್ಚಲನ್ನು ಗೆಲ್ಲಲಿಲ್ಲ. ಹೊಸಕೋಟೆ, ದೇವನಹಳ್ಳಿ ಕಡೆ ನೀಲಗಿರಿ ಸೌದೆ, ತೆಂಗಿನ ಮಟ್ಟೆ, ರೇಷ್ಮೆ ಬೆಳೆಗಾರರ ಹಿತ್ತಿಲಲ್ಲಿ ಹಿಪ್ಪುನೇರಳೆ ಕಡ್ಡಿ ಇರುವಾಗ ಹಂಡೆ ನೀರಿಗೆ ಸಿಲಿಂಡರ್ ಸುಡುವವರು ಯಾರು? ಸೋಲಾರ್ ಎಲ್ಲರ ಕೈಗೂ ಎಟುಕುವುದಿಲ್ಲ, ಮೋಡ ಕವಿದ ದಿನ ಸಾಲುವುದೂ ಇಲ್ಲ. ಹೀಗಾಗಿ ಇವತ್ತಿಗೂ ಹಂಡೆಯ ಕೆಳಗೆ ಅದೇ ತೆರೆದ ಉರಿ, ಮುಚ್ಚಿದ ಕೋಣೆಯಲ್ಲಿ ಅದೇ ಹೊಗೆ.

ಜಾಲರಿ, ಹಂಡೆಯ ಸುತ್ತ ಬಿಸಿ ಸುತ್ತಿಬರುವ ಕಿರಿದಾದ ಸಂದು, ಸೂರು ದಾಟುವ ಹೊಗೆಗೂಡು: ಅಸ್ತ್ರ ಕಲಿಸಿದ ಇಷ್ಟೇ ಪಾಠ ಹಂಡೆ ಒಲೆಗೂ ಸಾಕು. ಗ್ರಾಮ ಪಂಚಾಯಿತಿಗಳು ಊರಿನ ಗಾರೆ ಕೆಲಸದವರಿಗೆ ಈ ಅಳತೆ ಕಲಿಸಲಿ. ಮನೆ ಕಟ್ಟುತ್ತಿರುವವರು ಬಚ್ಚಲ ಒಲೆಯ ಬಾಯನ್ನು ಹೊರಗೋಡೆಗೆ ಇಡಿಸಿ, ಹೊಗೆಗೂಡಿಲ್ಲದೆ ಗೋಡೆ ಮುಗಿಸಬೇಡಿ.